ಬರೆಯುವವರಿಗೊಂದು ಬಿಡಾರ

ಗ್ರಂಥಕರ್ತನ ಏಕಾಂತವಾಸಕ್ಕೆ ತಕ್ಕ ಸ್ಥಳ ಯಾವುದೆಂದು ಕೇಳಿದರೆ ನಮ್ಮ ವಿದ್ಯಾವಂತರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬೆಟ್ಟದ ಕಡೆಗೆ ಬೆರಳು ತೋರಿಸುವರು. ಮೈಸೂರು ಸೀಮೆಯ ಈ ಮೂಲೆಯವರಾದರೆ ಆ ಬೆರಳು ಬಿಳಿಗಿರಿರಂಗನ ಬೆಟ್ಟದತ್ತ ತಿರುಗುವುದು ಸಹಜವೇ ಸರಿ. ಮಂಜು ಮುಸುಕಿದ ಕಣಿವೆ, ಸಂಪಿಗೆಯ ಮರ, ದೂರದಲ್ಲೆಲ್ಲೋ ಆನೆಯ ಘೀಂಕಾರ, ಮೊಣಕಾಲಿನ ಮೇಲೊಂದು ಕಾಗದದ ಕಟ್ಟು: ಚಿತ್ರವೇನೋ ರಮಣೀಯವಾಗಿದೆ. ಆದರೆ ಇದನ್ನು ಮನಸ್ಸಿನಲ್ಲಿ ಬರೆದುಕೊಂಡವರು ಬಹುಮಟ್ಟಿಗೆ ರಜಾ ದಿನಗಳಲ್ಲಿ ಬೆಟ್ಟಕ್ಕೆ ಹೋಗಿಬರುವವರೇ ಹೊರತು ಅಲ್ಲಿ ಕುಳಿತು ಪುಸ್ತಕವನ್ನು ಮುಗಿಸಿದವರಲ್ಲ. ನಮ್ಮನ್ನು ಕೇಳಿದರೆ, ಬೆಟ್ಟದ ಬಸ್ಸು ನಾಲ್ಕಾರು ನಿಮಿಷ ನಿಂತು ಹೊರಡುವ ಯಳಂದೂರಿನಲ್ಲಿಯೇ ಇಳಿದುಕೊಳ್ಳಿರೆಂದು ಲೇಖಕರಿಗೆ ಸಲಹೆ ಕೊಡುವೆವು.

ಈ ಸಲಹೆಯನ್ನು ಕೇಳಿ ನಗುವವರು ಸ್ವಲ್ಪ ತಾಳಬೇಕು. ಯಳಂದೂರು ಸಣ್ಣ ಊರು, ತಾಲ್ಲೂಕೂ ಸಣ್ಣದೇ. ಮೂರನೆಯ ಕೃಷ್ಣರಾಜ ಒಡೆಯರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಇದನ್ನು ಜಹಗೀರಾಗಿ ಕೊಟ್ಟರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಸುವರ್ಣಾವತಿಯ ದಡದ ಈ ಊರಿನಲ್ಲಿ ಗೌರೀಶ್ವರ ದೇವಾಲಯವಿದೆ. ಅದರ ಬಳೆ ಮಂಟಪದಲ್ಲಿ ಕಲ್ಲಿನಲ್ಲಿ ಕಡೆದ ಬಳೆಗಳ ಸರಪಣಿಯನ್ನು ನೋಡಿ ಯಾತ್ರಿಕರು ತಲೆದೂಗಿ ಮುಂದಕ್ಕೆ ಹೊರಡುವರು. ಆದರೆ ಅಷ್ಟಕ್ಕೇ ಊರಿನ ಹಿರಿಮೆ ಮುಗಿಯಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಕನ್ನಡದ ಇಬ್ಬರು ಹೆಸರಾಂತ ಕವಿಗಳ ಹೆಸರಿನೊಡನೆ ಈ ಊರಿನ ಹೆಸರು ಸೇರಿಕೊಂಡಿತು. ‘ರಾಜಶೇಖರವಿಳಾಸ’ವನ್ನೂ ‘ವೃಷಭೇಂದ್ರವಿಜಯ’ವನ್ನೂ ರಚಿಸಿದ ಷಡಕ್ಷರದೇವ ಒಬ್ಬನು, ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮ ಇನ್ನೊಬ್ಬಳು. ಇಷ್ಟು ಚಿಕ್ಕ ಊರಿಗೆ ಇಂತಹ ಭಾಗ್ಯ ನಾಡಿನಲ್ಲಿ ಎಷ್ಟು ಕಡೆ ಒದಗಿತು? ಎಣಿಸಿ ನೋಡಿದರೆ ಬೆರಳುಗಳು ಮಿಗುವುವು.

ಈ ಇಬ್ಬರ ಸ್ಥಿತಿಯನ್ನು ಹೋಲಿಸಿ ನೋಡಿದರೆ ಪ್ರಕೃತ ವಿಷಯಕ್ಕೆ ಬೇಕಾದ ಬೆಳಕೆಲ್ಲವೂ ದೊರೆಯುವುದೆಂದು ನಮಗೆ ತೋರುತ್ತದೆ. ಷಡಕ್ಷರದೇವನು ಧನಗೂರಿನಲ್ಲಿ ಹುಟ್ಟಿ ಯಳಂದೂರಿನ ಮಠಕ್ಕೆ ಅಧಿಪತಿಯಾದವನು. ಮಠವೆಂದ ಮೇಲೆ ಸೂರಿನ ಯೋಚನೆಯಿಲ್ಲ, ದಾಸೋಹದ ಅನ್ನಕ್ಕೆ ಕೊರತೆಯಿಲ್ಲ, ಓಲೆಯ ಕಟ್ಟುಗಳೂ ಶಾಸ್ತ್ರಜ್ಞರ ಸಹವಾಸವೂ ಕೈಗೆಟಕುವಷ್ಟು ಹತ್ತಿರ. ಚಂಪೂಕಾವ್ಯದ ಬಿಗಿಯಾದ ಬಂಧವನ್ನು ಹೆಣೆಯುವುದಕ್ಕೆ ಬೇಕಾದ ನಿಶ್ಚಿಂತೆ ಅವನಿಗೆ ಇದ್ದಿತು. ಹೊನ್ನಮ್ಮನಾದರೋ ಊಳಿಗದವಳು. ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರ ಎಲೆಯಡಿಕೆಯ ಸಂಚಿಯನ್ನು ಹಿಡಿದು ನಿಲ್ಲುವುದು ಅವಳ ಉದ್ಯೋಗ. ಅರಮನೆಯಲ್ಲಿ ಸಂಚಿ ಹಿಡಿದವಳಿಗೆ ‘ಈ ಹೊತ್ತು ನನ್ನದು’ ಎಂದು ಹೇಳಿಕೊಳ್ಳುವ ಅವಕಾಶವೆಲ್ಲಿ? ಕರೆದಾಗ ಓಗೊಡಬೇಕು; ಕರೆಯದಿದ್ದಾಗಲೂ ಕರೆಯುವರೆಂದು ಕಾದಿರಬೇಕು. ಸಿಂಗರಾರ್ಯನಂತಹ ವಿದ್ವಾಂಸನು ಗುರುವಾಗಿ ದೊರೆತುದೂ, ರಾಣಿಯ ಕೃಪೆ ಒದಗಿದುದೂ ಅವಳ ಪುಣ್ಯ. ಹಾಗಿದ್ದೂ ಉಳಿದುಬಂದಿರುವುದು ಒಂದೇ ಕೃತಿ. ಅವಳು ಚಂಪೂವಿನ ಗೊಡವೆಗೆ ಹೋಗದೆ ಹಾಡುವುದಕ್ಕೂ ನೆನಪಿನಲ್ಲಿಡುವುದಕ್ಕೂ ಒಗ್ಗುವ ಸಾಂಗತ್ಯವನ್ನು ಆರಿಸಿಕೊಂಡಳು. ಕೈಯಲ್ಲಿ ಸಂಚಿಯಿದ್ದವಳಿಗೆ ಮನಸ್ಸಿನಲ್ಲಿಯೇ ಪದ್ಯವನ್ನು ಕಟ್ಟಿಕೊಳ್ಳುವ ಅಭ್ಯಾಸವಿದ್ದಿರಲೇಬೇಕೆಂದು ನಾವು ಊಹಿಸುವುದು ಅತಿಯಾಗಲಾರದು. ಅವಳಿಗೆ ಒಂದು ವರ್ಷದ ಬಿಡುವು ದೊರೆತಿದ್ದರೆ ಕನ್ನಡಕ್ಕೆ ಇನ್ನೇನು ದೊರೆಯುತ್ತಿದ್ದಿತೋ ಯಾರು ಬಲ್ಲರು!

ಆಂಗ್ಲ ಲೇಖಕಿ ವರ್ಜೀನಿಯಾ ವುಲ್ಫ್ 1929ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಹೆಂಗಸು ಬರೆಯಬೇಕಾದರೆ ಅವಳಿಗೆ ವರ್ಷಕ್ಕೆ ಐನೂರು ಪೌಂಡು ಆದಾಯವೂ ಬೀಗ ಹಾಕಿಕೊಳ್ಳುವಂತಹ ಸ್ವಂತ ಕೊಠಡಿಯೂ ಬೇಕೆಂದು ವಾದಿಸಿದರು. ಇದನ್ನು ನಮ್ಮವರು ಇಂದಿಗೂ ಹೊಸ ಮಾತೆಂಬಂತೆ ಉದಾಹರಿಸುವರು. ಹೊನ್ನಮ್ಮನ ಊರಿನವರು ಅದನ್ನು ಇಂಗ್ಲೀಷಿನಿಂದ ಕಲಿಯಬೇಕಾದ ಅಗತ್ಯವೇನಿಲ್ಲ.

ಇನ್ನು ಬೆಟ್ಟದ ವಿಚಾರ. ಬೆಟ್ಟಕ್ಕೆ ಹೋಗಿ ಗ್ರಂಥವನ್ನು ರಚಿಸಿದವರು ಈ ಸೀಮೆಯಲ್ಲಿ ಇಲ್ಲವೇ ಎಂದು ಕೇಳಿದರೆ, ಇದ್ದಾರೆ. ನಿಜಗುಣ ಶಿವಯೋಗಿಗಳು ಒಂದು ಚಿಕ್ಕ ಸೀಮೆಯ ಒಡೆತನವನ್ನು ಬಿಟ್ಟು ಚಿಲಕವಾಡಿಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸಿಗೆ ನಿಂತರೆಂಬ ಪ್ರತೀತಿ ಈ ಭಾಗದಲ್ಲಿ ಬಲವಾಗಿದೆ. ‘ವಿವೇಕಚಿಂತಾಮಣಿ’ಯಂತಹ ವಿಶ್ವಕೋಶಕ್ಕೆ ಸಮನಾದ ಗದ್ಯಗ್ರಂಥ ಅವರಿಂದ ಬಂದಿತು. ಆದರೆ ಅವರು ಬೆಟ್ಟವನ್ನೇರಿದ್ದು ಮರಳಿ ಬರುವುದಕ್ಕಾಗಿ ಅಲ್ಲ. ಆರು ವಾರದ ರಜೆ ಪಡೆದು, ಏಳನೆಯ ವಾರ ಕಚೇರಿಯಲ್ಲಿ ಹಾಜರಿ ಹಾಕಬೇಕಾದ ನಮ್ಮ ಕಾಲದ ಗುಮಾಸ್ತ ಕವಿಗೆ ಆ ಮಾರ್ಗವನ್ನು ಬೋಧಿಸಿ ಏನು ಫಲ?

ಬಿಳಿಗಿರಿಯ ಮಾತು ಇದಕ್ಕಿಂತಲೂ ಕಠಿನವಾದುದು. ಆ ಕಾಡನ್ನು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅದಕ್ಕೂ ಬಹಳ ಮುಂಚೆ, 1970ರ ದಶಕದಲ್ಲಿ ಅದು ವನ್ಯಜೀವಿಧಾಮವಾದಾಗ, ಒಳಗಾಡಿನ ಪೋಡುಗಳಲ್ಲಿದ್ದ ಸೋಲಿಗರನ್ನು ಹೊರಕ್ಕೆ ತಂದು ನೆಲೆಗೊಳಿಸಿದರು. ದೊಡ್ಡ ಸಂಪಿಗೆಯನ್ನು ದೇವರೆಂದು ಪೂಜಿಸುತ್ತ, ಜೇನನ್ನೂ ನೆಲ್ಲಿಕಾಯನ್ನೂ ಆಯುತ್ತ, ತಮ್ಮ ದೇವರುಗಳ ನೆಲೆಗಳನ್ನು ಹೆಸರು ಹಿಡಿದು ಹೇಳಬಲ್ಲ ಆ ಜನ ತಮ್ಮ ಕಾಡಿನ ಮೇಲೆ ಸಾಮುದಾಯಿಕ ಹಕ್ಕುಪತ್ರವನ್ನು ಪಡೆದುದೂ 2011ರಲ್ಲಿಯೇ. ಹೀಗೆ ಕಾಡಿನ ಮಕ್ಕಳೇ ಕಾಡಿನಲ್ಲಿ ನಿಲ್ಲುವುದಕ್ಕೆ ಕಾಗದಪತ್ರಗಳನ್ನು ಹಿಡಿದು ಓಡಾಡಿದ ನೆಲದಲ್ಲಿ, ಪೇಟೆಯಿಂದ ಬಂದ ಲೇಖಕನಿಗೆ ‘ಪ್ರಶಾಂತ ವಾತಾವರಣ’ವನ್ನು ಒದಗಿಸಬೇಕೆಂದು ಕೇಳುವುದು ನ್ಯಾಯವೂ ಅಲ್ಲ, ಮರ್ಯಾದೆಯೂ ಅಲ್ಲ. ಪ್ರವಾಸಿಗಳ ಗದ್ದಲ ಸಾಲದೆಂದು ಸಾಹಿತಿಗಳ ಗದ್ದಲವನ್ನೂ ಸೇರಿಸುವುದು ಬೇಡ. (ಸಾಹಿತಿಗಳು ನಾಲ್ವರು ಕೂಡಿದರೆ ಗದ್ದಲವಾಗದೆಂದು ನಂಬುವವರು ಅವರನ್ನು ಹತ್ತಿರದಿಂದ ನೋಡಿಲ್ಲ.)

ಅಲ್ಲದೆ ಕಾಡನ್ನು ಬರೆಯುವುದಕ್ಕೆ ಕಾಡಿನಲ್ಲಿಯೇ ಕುಳಿತಿರಬೇಕೆಂಬ ನಿಯಮವೂ ಇಲ್ಲ. ಕುಪ್ಪಳಿಯ ಮಲೆಗಳನ್ನು ಕನ್ನಡಿಗರ ಕಣ್ಣಿಗೆ ತಂದುಕೊಟ್ಟ ಕುವೆಂಪುರವರು ಮೈಸೂರಿನಲ್ಲಿ ಅಧ್ಯಾಪಕ ವೃತ್ತಿಯಲ್ಲಿದ್ದುಕೊಂಡೇ ‘ಕಾನೂರು ಹೆಗ್ಗಡಿತಿ’ಯನ್ನು ರಚಿಸಿದರು. ಬರೆಯುವಾಗ ಬೇಕಾದುದು ಮೇಜು, ಬೆಳಕು, ಹೊತ್ತು. ಈ ಮೂರರಲ್ಲಿ ಮೊದಲ ಎರಡನ್ನು ಹಣ ಕೊಟ್ಟು ತರಬಹುದು. ಮೂರನೆಯದನ್ನು ತರುವ ಅಂಗಡಿ ಎಲ್ಲಿದೆ? ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದ ಕಾಲದಲ್ಲಿ ಸಣ್ಣ ಕಥೆಗಳನ್ನು ಹೇರಳವಾಗಿ ಬರೆದರು. ‘ಚಿಕವೀರರಾಜೇಂದ್ರ’ದಂತಹ ದೊಡ್ಡ ಕಾದಂಬರಿ ಹೊರಬಂದುದು ಅವರು 1943ರಲ್ಲಿ ಕೆಲಸವನ್ನು ಬಿಟ್ಟು ಹತ್ತು ವರ್ಷಗಳ ಮೇಲೆ. ಕಥೆಗೂ ಕಾದಂಬರಿಗೂ ನಡುವಣ ಅಂತರದಲ್ಲಿ ಪ್ರತಿಭೆಯ ಪಾತ್ರವೆಷ್ಟು, ಕಡತಗಳ ಪಾತ್ರವೆಷ್ಟು ಎಂಬುದನ್ನು ಕಚೇರಿಯಲ್ಲಿ ಕುಳಿತು ಬರೆಯುವ ನಮ್ಮ ವಾಚಕರೇ ನಿರ್ಣಯಿಸಬಲ್ಲರು.

ಹಾಗಾದರೆ ಯಳಂದೂರಿನಲ್ಲಿ ಏನಾಗಬೇಕು? ನಾಲ್ಕು ಕೊಠಡಿಗಳ ಒಂದು ಹೆಂಚಿನ ಮನೆ. ಜಹಗೀರುದಾರರ ಬಂಗಲೆಯ ಮೇಲೆ ಕೆಲವರ ಕಣ್ಣು ಬೀಳಬಹುದು. ಅದು ಬೇಡ, ಅದು ಊರಿನ ಚರಿತ್ರೆಗೆ ಮೀಸಲಾಗಿರಲಿ. ಪೇಟೆಯ ಬೀದಿಗೆ ಒಂದು ಕೂಗಿನಷ್ಟು ದೂರವಿದ್ದರೆ ಸಾಕು. ಅಮೇರಿಕದ ನ್ಯೂಹ್ಯಾಂಪ್‌ಷೈರ್ ಪ್ರಾಂತ್ಯದಲ್ಲಿ 1907ರಿಂದ ನಡೆದುಬಂದಿರುವ ಮ್ಯಾಕ್‌ಡೊವೆಲ್ ಎಂಬ ಕಲಾವಿದರ ವಸತಿಯಲ್ಲಿ ಒಂದು ಪದ್ಧತಿಯುಂಟು. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿಟ್ಟು ಕುಟೀರದ ಬಾಗಿಲಲ್ಲಿ ಇರಿಸಿ ಹೋಗುವರು, ಕೆಲಸದಲ್ಲಿರುವವರನ್ನು ಮಾತನಾಡಿಸುವುದಿಲ್ಲ. ನಮ್ಮಲ್ಲಿಯೂ ಸರ್ಕಾರಿ ಸಹಾಯವಿಲ್ಲದೆ ಇಂತಹ ಪ್ರಯತ್ನ ನಡೆದಿಲ್ಲವೆಂದಿಲ್ಲ; 2008ರಲ್ಲಿ ಆರಂಭವಾದ ಸಂಗಂ ಹೌಸ್ ಎಂಬ ಸಂಸ್ಥೆ ಹೆಸರಘಟ್ಟದ ನೃತ್ಯಗ್ರಾಮದಲ್ಲಿ ದೇಶವಿದೇಶಗಳ ಲೇಖಕರಿಗೆ ವಾಸದ ಅನುಕೂಲವನ್ನು ಕಲ್ಪಿಸಿತು. ಯಳಂದೂರಿಗೆ ಅಷ್ಟೊಂದು ವಿಸ್ತಾರ ಬೇಕಿಲ್ಲ. ಬುಟ್ಟಿಯ ಬದಲು ರಾಗಿಮುದ್ದೆ ಸೊಪ್ಪಿನ ಸಾರಿನ ಪಾತ್ರೆಯಿದ್ದರಾಯಿತು. ಬಾಗಿಲು ತಟ್ಟದಿರುವ ಶಿಸ್ತನ್ನು ಮಾತ್ರ ಹಾಗೆಯೇ ತರಿಸಿಕೊಳ್ಳಬೇಕು. ಮೊಬೈಲನ್ನು ಮಧ್ಯಾಹ್ನದವರೆಗೆ ಅಡಿಗೆಯವರ ವಶಕ್ಕೆ ಕೊಡುವ ಕಟ್ಟಳೆಯನ್ನೂ ಸೇರಿಸಿದರೆ ನಮ್ಮ ಆಕ್ಷೇಪಣೆಯಿಲ್ಲ.

ಸಂಜೆ ಲೇಖಕನು ಪೇಟೆಗೆ ಬರಲಿ. ಕಿವಿಗೆ ಕನ್ನಡ ಬೀಳದೆ ಲೇಖನಿಯಲ್ಲಿ ಕನ್ನಡ ಇಳಿಯಲಾರದು. ಈ ಸೀಮೆಯಲ್ಲಿ ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರೂ, ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯ ದೇವರಗುಡ್ಡರೂ ಹಾಡಿಕೊಂಡು ಬಂದಿರುವರು. ಚಿಕ್ಕಲ್ಲೂರಿನ ಐದು ದಿನಗಳ ಜಾತ್ರೆಯಲ್ಲಿ ರಾತ್ರಿಯೆಲ್ಲ ಕುಳಿತು ಅವರ ಹಾಡನ್ನು ಕೇಳಿದವನು ತನ್ನ ಹಸ್ತಪ್ರತಿಯ ಅರ್ಧವನ್ನು ಹರಿದುಹಾಕಬಹುದು, ಅದೂ ಲಾಭವೇ. ಕೊಳ್ಳೇಗಾಲದ ಕಡೆ 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಸರ್ಕಾರದ ಬಾಷೆ ಬೇರೆಯಾಗಿದ್ದ ಆ ಕಾಲದಲ್ಲಿಯೂ ಅಲ್ಲಿ ಕನ್ನಡವು ಕುಂದದೆ ಉಳಿದುದು ಇಂತಹ ಹಾಡುಗಾರರ ಬಾಯಲ್ಲಿ ಎಂಬುದನ್ನು ನಾಡಾಭಿಮಾನಿಗಳು ಮರೆಯಬಾರದು.

ಶಾಲೆಯ ಸೂರು ಸೋರುತ್ತಿರುವಾಗ ಕವಿಗೆ ಮನೆ ಏತಕ್ಕೆ ಎಂದು ಕೇಳುವವರಿಗೆ ನಮ್ಮ ಗೌರವವಿದೆ. ಸೂರನ್ನು ಮೊದಲು ರಿಪೇರಿ ಮಾಡಲಿ. ಆದರೆ ಸಮ್ಮೇಳನದ ಚಪ್ಪರಕ್ಕೂ ಮೆರವಣಿಗೆಗೂ ವೆಚ್ಚ ಮಾಡುವಾಗ ಈ ಪ್ರಶ್ನೆ ಏಳದಿರುವುದು ಆಶ್ಚರ್ಯ. ನಮ್ಮ ನಿಜವಾದ ಭಯ ಬೇರೆ. ಇಂತಹ ಮನೆಯೊಂದು ಎದ್ದರೆ ಎರಡನೆಯ ವರ್ಷಕ್ಕೇ ಅದು ಬೆಟ್ಟಕ್ಕೆ ಹೋಗುವ ದೊಡ್ಡವರ ಪರಿವಾರಕ್ಕೆ ತಂಗುಮನೆಯಾಗಿ ಪರಿಣಮಿಸಬಹುದು. ಕೊಠಡಿಯ ಹಂಚಿಕೆಯು ಪ್ರಶಸ್ತಿಗಳ ಹಂಚಿಕೆಯಂತೆ ಶಿಫಾರಸಿನ ಕೈಗೆ ಸಿಕ್ಕಬಹುದು. ಆದುದರಿಂದ ಅರ್ಜಿಯ ಜೊತೆಗೆ ಬರೆದು ಮುಗಿಸಿದ ಮೂವತ್ತು ಪುಟಗಳನ್ನು ಹೆಸರಿಲ್ಲದೆ ಕಳುಹಿಸಬೇಕೆಂಬ ನಿಯಮವನ್ನು ಮಾಡತಕ್ಕದ್ದು. ಕೊಠಡಿಗಳಲ್ಲಿ ಎರಡು ಹೆಂಗಸರಿಗೆ ಮೀಸಲಿರಬೇಕು. ನಿವೃತ್ತರಿಗೆ ಕೊನೆಯ ಸರದಿ, ಅವರಿಗೆ ಹೊತ್ತಿದೆ.

ಮನೆಗಿಂತಲೂ ಮುಖ್ಯವಾದುದು ರಜೆ. ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹೋಗುವ ನೌಕರರಿಗೆ ಸರ್ಕಾರವು ಓ.ಓ.ಡಿ. ಸೌಲಭ್ಯವನ್ನು ಕೊಟ್ಟುಕೊಂಡು ಬಂದಿದೆ. ಸಾಹಿತ್ಯದ ಮಾತನ್ನು ಕೇಳುವುದಕ್ಕೆ ಮೂರು ದಿನ ದೊರೆಯುವುದಾದರೆ ಸಾಹಿತ್ಯವನ್ನು ಬರೆಯುವುದಕ್ಕೆ ಆರು ವಾರ ಏಕೆ ದೊರೆಯಬಾರದು? ಇಂದು ಕನ್ನಡದಲ್ಲಿ ಬರೆಯುವವರಲ್ಲಿ ಬಹುಮಂದಿ ಉಪಾಧ್ಯಾಯರು, ಬ್ಯಾಂಕಿನವರು, ಕಚೇರಿಯವರು, ಮನೆವಾರ್ತೆಯನ್ನು ಹೊತ್ತ ಹೆಂಗಸರು. ಸಂಬಳ ಕಡಿತವಾಗದಂತೆ ವರ್ಷಕ್ಕೆ ಇಪ್ಪತ್ತು ಮಂದಿಯನ್ನು ಬಿಟ್ಟುಕೊಟ್ಟರೆ ಯಾವ ಇಲಾಖೆಯೂ ಮುಳುಗದು. ಹನೂರಿನ ಕಡೆಯ ಯಾವಳೋ ಶಾಲಾ ಉಪಾಧ್ಯಾಯಿನಿ, ಬೆಳಗಿನ ಅಡಿಗೆಗೂ ಸಂಜೆಯ ಜನಗಣತಿಯ ಪಟ್ಟಿಗೂ ನಡುವೆ ಪದ್ಯವನ್ನು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳುತ್ತ, ಈ ಮನೆಗಾಗಿ ರಜೆಯ ಅರ್ಜಿಯನ್ನು ಬರೆದರೆ, ಅದಕ್ಕೆ ರುಜು ಹಾಕಬೇಕಾದ ಅಧಿಕಾರಿ ಈ ಪುಟವನ್ನು ಓದುತ್ತಿರುವವರಲ್ಲಿ ಒಬ್ಬರಾಗಿರಬಹುದು.