ಬಸುರಿಯ ಗಂಡನ ಕಟ್ಟುಪಾಡು

ಕುಷ್ಟಗಿ, ಯಲಬುರ್ಗಾ ಕಡೆ ಚೊಚ್ಚಲ ಬಸುರಿಗೆ ಕುಬುಸ ಮಾಡುವ ದಿನದ ಗದ್ದಲವೆಲ್ಲ ಹೆಣ್ಣುಮಕ್ಕಳದು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವ ಮುತ್ತೈದೆಯರು, ತವರಿನ ಬುತ್ತಿ. ಗಂಡ ಪೆಂಡಾಲಿನಲ್ಲಿ ಕುರ್ಚಿ ಹಾಕುತ್ತಾನೆ, ಪಂಕ್ತಿಗೆ ಬಡಿಸುತ್ತಾನೆ, ಫೋಟೊಕ್ಕೆ ಕರೆದಾಗ ಕೈ ಒರೆಸಿಕೊಂಡು ಬಂದು ಹೆಂಡತಿಯ ಪಕ್ಕ ಕೂರುತ್ತಾನೆ. ಆಮೇಲೆ ಅವಳು ತವರಿಗೆ, ಅವನು ದುಡಿಮೆಗೆ. ಮಳೆ ಕೈಕೊಟ್ಟ ವರ್ಷ ಆ ದುಡಿಮೆ ಮಂಗಳೂರಿನಲ್ಲೋ ಗೋವಾದಲ್ಲೋ ಇರುತ್ತದೆ. ಗುಳೆ ಹೋದವನಿಗೆ ಮಗು ಹುಟ್ಟಿದ ಸುದ್ದಿ ಮೊಬೈಲಿಗೆ ಬರುತ್ತದೆ.

ಹಳೆಯ ಕಟ್ಟಳೆ ಅವನನ್ನು ಇಷ್ಟು ಸಲೀಸಾಗಿ ಬಿಟ್ಟಿರಲಿಲ್ಲ. ಬಸುರಿಯ ಗಂಡ ಹಾವು ಹೊಡೆಯಬಾರದು, ಹೆಣ ಹೊರಬಾರದು, ತೆಂಗಿನಕಾಯಿ ಒಡೆಯಬಾರದು, ಕ್ಷೌರ ಮಾಡಿಸಬಾರದು, ದೂರ ಪ್ರಯಾಣ ಕೂಡದು. ಮೂಢನಂಬಿಕೆ, ನಿಜ. ಆದರೂ ಗಡ್ಡ ಬಿಟ್ಟವನನ್ನು ಕಂಡರೆ ಇವನ ಮನೆಯಲ್ಲಿ ಏನೋ ವಿಶೇಷ ಎಂದು ಊರಿಗೆ ತಿಳಿಯುತ್ತಿತ್ತು. ಬಸಿರಿನಲ್ಲಿ ಗಂಡಸಿಗೂ ಒಂದು ಪಾಲಿತ್ತು.

ಈ ಪಾಲು ಕೆಲವೆಡೆ ಹಾಸಿಗೆಯವರೆಗೂ ಹೋಗಿತ್ತು. ಗೋದಾವರಿ ಸೀಮೆಯ ಎರುಕಲರು ನಮ್ಮ ಕೊರಮ, ಕೊರಚರ ನಂಟರು. ಅವರ ಪದ್ಧತಿಯೊಂದನ್ನು ಜಾನ್ ಕೇನ್ ಎಂಬ ಪಾದ್ರಿ 1874ರಲ್ಲಿ ಬರೆದಿಟ್ಟರು. ಮುಂದೆ ಎಡ್ಗರ್ ಥರ್ಸ್ಟನ್ ಅದನ್ನು ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ತಮ್ಮ ಗ್ರಂಥದಲ್ಲಿ ಸೇರಿಸಿಕೊಂಡರು. ಹೆಂಡತಿಗೆ ನೋವು ಶುರುವಾದೊಡನೆ ಗಂಡ ಅವಳ ಬಟ್ಟೆ ಉಟ್ಟು, ಹಣೆಗೆ ಬೊಟ್ಟಿಟ್ಟು, ಕತ್ತಲ ಕೋಣೆಯಲ್ಲಿ ಮುಸುಕೆಳೆದು ಮಲಗುತ್ತಿದ್ದನಂತೆ. ಮಗುವನ್ನು ತೊಳೆದು ಅವನ ಮಗ್ಗುಲಲ್ಲಿ ಮಲಗಿಸುತ್ತಿದ್ದರು. ಇಂಗು, ಬೆಲ್ಲದ ಬಾಣಂತನದ ಮದ್ದೂ ಅವನಿಗೇ! (ಹೆತ್ತವಳು ಏನೆಂದುಕೊಂಡಳೋ, ಪಾದ್ರಿ ಕೇಳಿದಂತಿಲ್ಲ.)

ನಗುವ ಮೊದಲು ಕೆನಡಾ ಕಡೆ ನೋಡಬೇಕು. ಅಲ್ಲಿನ ಸಂಶೋಧಕಿ ಆನ್ ಸ್ಟೋರಿ ಮತ್ತು ಸಂಗಡಿಗರು ತಂದೆಯಾಗಲಿದ್ದವರ, ಆಗಷ್ಟೇ ಆದವರ ರಕ್ತ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಂಡತಿಯ ಬಸಿರಿನಲ್ಲಿ ತಮಗೂ ಸುಸ್ತು, ಹಸಿವಿನ ಏರುಪೇರು ಎಂದ ಗಂಡಸರಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚಿತ್ತು. ತಾಯಂದಿರಲ್ಲಿ ಹಾಲು ಬರಿಸುವ ಹಾರ್ಮೋನು ಅದು.

ಕಾನೂನಿಗೆ ಮಾತ್ರ ತಂದೆಯ ಈ ಮೈಯ ಪರಿಚಯ ಕಡಿಮೆ. ತಾಯಂದಿರ ರಜೆಯನ್ನು 26 ವಾರಕ್ಕೆ ಏರಿಸಿದ 2017ರ ತಿದ್ದುಪಡಿ ತಂದೆಯ ಮಾತೆತ್ತಲಿಲ್ಲ. ಕೊಪ್ಪಳದ ಸರ್ಕಾರಿ ಶಾಲೆಯ ಮಾಸ್ತರರಿಗೆ 15 ದಿನದ ಪಿತೃತ್ವ ರಜೆ ಉಂಟು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲನಿಗೆ ರಜೆಯೆಂದರೆ ಅಂದಿನ ಕೂಲಿ ಖೋತಾ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗಿರಲು ನೆಂಟರ ಹೆಂಗಸೊಬ್ಬಳಿಗೆ 2016ರಲ್ಲಿ ಒಪ್ಪಿಗೆ ಕೊಟ್ಟ ಕೇಂದ್ರ ಸರ್ಕಾರ, ಮರೆಯ ವ್ಯವಸ್ಥೆ ಸರಿಯಿರುವ ಕಡೆ ಗಂಡನೂ ಇರಬಹುದು ಎಂದಿತು. ಆ ಮರೆಗೆ ಬೇಕಾದದ್ದು ಮಂಚಗಳ ನಡುವೆ ಒಂದೊಂದು ಪರದೆ.