ಕಂಪಶಾಮಕ

ಉಕ್ಕಿನಿಂದ ಕಟ್ಟಿದ ಸೌಧಕ್ಕೆ ಭೂಕಂಪದ ಭಯವೇತಕ್ಕೆಂದು ಮಿತ್ರರೊಬ್ಬರು ನಮ್ಮನ್ನು ಕೇಳಿದರು. ಉಕ್ಕು ಮಣ್ಣಿನ ಗೋಡೆಯಂತೆ ಬಿರಿದು ಬೀಳತಕ್ಕದ್ದಲ್ಲ; ಬಾಗಿ ಮತ್ತೆ ನೆಟ್ಟಗಾಗುವ ಗುಣ ಅದಕ್ಕುಂಟು ಎಂಬುದು ಅವರ ವಾದ. ಇದು ಅರ್ಧ ಸತ್ಯ. ಉಳಿದರ್ಧಕ್ಕಾಗಿ ದೇವಸ್ಥಾನದ ಗಂಟೆಯನ್ನು ನೆನೆಯಬೇಕು. ಒಮ್ಮೆ ಬಾರಿಸಿ ಬಿಟ್ಟರೆ ಅದು ಬಹಳ ಹೊತ್ತು ಮೊರೆಯುತ್ತಲೇ ಇರುತ್ತದೆ. ತನ್ನೊಳಗೆ ಹೊಕ್ಕ ಕಂಪನವನ್ನು ತಾನೇ ಜೀರ್ಣಿಸಿಕೊಳ್ಳುವ ಶಕ್ತಿ ಲೋಹಕ್ಕೆ ಅತ್ಯಲ್ಪ. ಅಂಗೈಯಿಟ್ಟರೆ ನಾದವು ಒಡನೆ ಅಡಗುತ್ತದೆ. ಎತ್ತರವಾದ ಉಕ್ಕಿನ ಸೌಧವೂ ಇಂತಹ ಗಂಟೆಯೇ. ಅದರ ಮೇಲೆ ಇಡತಕ್ಕ ಅಂಗೈ ಯಾವುದು?

2011ನೆಯ ಇಸವಿ ಮಾರ್ಚಿ 11ರಂದು ಜಪಾನಿನ ಈಶಾನ್ಯದ ಕಡಲಿನಲ್ಲಿ 9.0 ಪರಿಮಾಣದ ಭೂಕಂಪವಾಯಿತು. ಅಲ್ಲಿಂದ ಸುಮಾರು 770 ಕಿಲೋಮೀಟರು ದೂರದ ಒಸಾಕಾ ನಗರದಲ್ಲಿ, ಸಕಿಷಿಮಾ ಎಂಬೆಡೆ, ಪ್ರಾಂತ ಸರ್ಕಾರದ ಕಚೇರಿಗಳುಳ್ಳ 256 ಮೀಟರು ಎತ್ತರದ ಸೌಧವೊಂದುಂಟು. ಬೀದಿಯಲ್ಲಿದ್ದವರಿಗೆ ಆ ದಿನ ಸಾಧಾರಣ ಅಲುಗಾಟ ಮಾತ್ರ. ಸೌಧದ ತುದಿಯಾದರೋ ಎರಡೂ ಪಕ್ಕಕ್ಕೆ ಒಂದೊಂದು ಮೀಟರಿಗೂ ಮಿಗಿಲಾಗಿ ಸುಮಾರು ಹತ್ತು ನಿಮಿಷ ತೂಗಾಡಿತು. ಒಳಚಾವಣಿಗಳು ಕಳಚಿದವು, ಲಿಫ್ಟುಗಳಲ್ಲಿ ಜನರು ಸಿಕ್ಕಿಕೊಂಡರು. ಸೌಧ ಮುರಿಯಲಿಲ್ಲವೆಂಬುದು ನಿಜ. ಆದರೆ ಐವತ್ತನೆಯ ಅಂತಸ್ತಿನಲ್ಲಿ ಮೇಜಿನ ಕಾಲು ಹಿಡಿದು ಕುಳಿತವನಿಗೆ ಆ ಸಮಾಧಾನ ಸಾಲದು.

ಇದರ ಕಾರಣವು ಉಯ್ಯಾಲೆ ತೂಗಿದ ತಾಯಂದಿರಿಗೆಲ್ಲ ಗೊತ್ತು. ಉಯ್ಯಾಲೆ ಹಿಂದಕ್ಕೆ ಬಂದ ಕ್ಷಣದಲ್ಲೇ ನೂಕಿದರೆ ಒಂದು ಬೆರಳು ಸಾಕು. ಆ ಸೌಧವು ಒಮ್ಮೆ ಓಲಾಡಿ ಬರಲು ಆರೂವರೆ ಏಳು ಸೆಕೆಂಡು ಹಿಡಿಯುತ್ತದೆ. ಭೂಮಿಯ ಚುರುಕಾದ ಕಂಪನಗಳು ದಾರಿಯಲ್ಲೇ ಅಡಗುತ್ತವೆ. ನಿಧಾನವಾದವು ಬಹುದೂರ ಸಾಗುತ್ತವೆ. ಹಾಗೆ ಸಾಗಿ ಬಂದವು ಅಲ್ಲಿಯ ಮೆತ್ತನೆಯ ನೆಲವನ್ನು ಹೊಕ್ಕು, ಸರಿಯಾಗಿ ಅದೇ ತಾಳಕ್ಕೆ ನೂಕಿದವು.

ಟೋಕಿಯೋದ ಷಿಂಜುಕು ಪೇಟೆಯಲ್ಲಿ 1979ರಲ್ಲಿ ಮುಗಿದ 54 ಅಂತಸ್ತಿನ ‘ಷಿಂಜುಕು ಸೆಂಟರ್’ ಎಂಬ ಸೌಧವು ಭೂಕಂಪದ ಮೂಲಕ್ಕೆ ಎಷ್ಟೋ ಹತ್ತಿರ. ಆದರೂ ಅದರ ತುದಿ ಒಂದು ಪಕ್ಕಕ್ಕೆ ಸರಿದದ್ದು 54 ಸೆಂಟಿಮೀಟರು. 2009ರಲ್ಲಿ ಅದರೊಳಗೆ 288 ಎಣ್ಣೆಯ ಡ್ಯಾಂಪರುಗಳನ್ನು ಜೋಡಿಸಿದ್ದರು. ಓಲಾಟವು ಅವುಗಳಿಂದ ಐದರಲ್ಲೊಂದು ಪಾಲಿನಷ್ಟು ತಗ್ಗಿತೆಂದು ಲೆಕ್ಕ ಹಾಕಿದ್ದಾರೆ. ನಮ್ಮ ‘ದಮ್’ ಧಾತುವಿಗೂ ಡ್ಯಾಂಪರಿಗೂ ನಂಟು ಕಲ್ಪಿಸಲು ಮನಸ್ಸು ಹಾತೊರೆಯುತ್ತದೆ, ಶಬ್ದಸಾಮ್ಯಕ್ಕೆ ಮರುಳಾಗಬಾರದು. ನಾವು ಕಂಪಶಾಮಕವೆನ್ನೋಣ.

ಸೈಕಲ್ಲಿನ ಪಂಪಿನ ಬಾಯಿಯನ್ನು ಬೆರಳಿನಿಂದ ಮುಕ್ಕಾಲು ಮುಚ್ಚಿ ಹಿಡಿಯನ್ನು ಒತ್ತಿನೋಡಿರಿ. ಮೆಲ್ಲಗೆ ಒತ್ತಿದರೆ ಇಳಿಯುತ್ತದೆ. ರಭಸದಿಂದ ಒತ್ತಿದರೆ ಎದುರು ನಿಲ್ಲುತ್ತದೆ. ಶಾಮಕದ ಉಕ್ಕಿನ ಕೊಳವೆಯಲ್ಲಿ ಗಾಳಿಗೆ ಬದಲು ಎಣ್ಣೆಯಿರುತ್ತದೆ. ಅಂತಸ್ತಿಗೂ ಅಂತಸ್ತಿಗೂ ನಡುವೆ ಓರೆಯಾಗಿ ಕೂಡಿಸಿದ ಅದು, ಸೌಧ ವಾಲಿದಾಗಲೆಲ್ಲ ಒತ್ತಲ್ಪಡುತ್ತದೆ, ಇಲ್ಲವೆ ಸೆಳೆಯಲ್ಪಡುತ್ತದೆ. ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುತ್ತ ಬಿಸಿಯಾಗುತ್ತದೆ. ಸೌಧವನ್ನು ತೂಗಾಡಿಸಬೇಕಾಗಿದ್ದ ಶಕ್ತಿ ಹೀಗೆ ಶಾಖವಾಗಿ ಕಳೆಯುತ್ತದೆ.

ಓಲಾಟ ತಗ್ಗಿದರೆ ಕಂಬ ತೊಲೆಗಳ ಸಂದುಗಳಿಗೂ ಬಿಡುವು. 1994ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಡ್ಜಿನಲ್ಲಿ ಭೂಕಂಪವಾದಾಗ, ಹೊರಗೆ ನೆಟ್ಟಗೆ ನಿಂತಿದ್ದ ಅನೇಕ ಉಕ್ಕಿನ ಕಟ್ಟಡಗಳ ಬೆಸುಗೆಗಳು ಒಳಗೊಳಗೇ ಸೀಳಿದ್ದವು. ಗೋಡೆಯ ಹೊದಿಕೆಯನ್ನು ಕಿತ್ತು ನೋಡಿದ ಮೇಲೆಯೇ ಅದು ತಿಳಿದದ್ದು.

ತೈಪೇ ನಗರದ 508 ಮೀಟರಿನ ಗೋಪುರದಲ್ಲಿ ತೂಗುಹಾಕಿರುವ 660 ಟನ್ನಿನ ಉಕ್ಕಿನ ಗುಂಡನ್ನು ನೋಡಲು ಯಾತ್ರಿಕರು ಮುತ್ತುತ್ತಾರೆ. ಅದು ಮುಖ್ಯವಾಗಿ ಗಾಳಿಯ ಓಲಾಟಕ್ಕೆಂದು ಇಟ್ಟದ್ದು. ಆ ಗುಂಡಿನ ಚಲನೆಯನ್ನು ನುಂಗತಕ್ಕವೂ ಅದಕ್ಕೆ ಜೋಡಿಸಿದ ಎಣ್ಣೆಯ ಕೊಳವೆಗಳೇ. ಗೋಡೆಯ ಮರೆಯಲ್ಲಿ ಅಡಗಿರುವ ಶಾಮಕಗಳಿಗೆ ಇಂತಹ ವೈಭವವಿಲ್ಲ. ಆದಕಾರಣವೇ ಅವುಗಳಿಗೆ ಹಣ ಕೊಡಲು ಒಡೆಯರು ಹಿಂದೆಗೆಯುವರೆಂದು ನಮ್ಮ ಎಣಿಕೆ. ಸಕಿಷಿಮಾದ ಸೌಧಕ್ಕೂ ಅವನ್ನು ಜೋಡಿಸಿದರು; ಆದರೆ 2011ರ ಆ ಹತ್ತು ನಿಮಿಷಗಳು ಕಳೆದ ಮೇಲೆ.