ಜೂನ್ 5ರ ಮದುವೆ, ಮೇ 6ರ ಬೀಗದಕೈ

ಕಳೆದ ವರ್ಷ ಮೇ 5ರ ಸಂಜೆ ಉದ್ದನಪಲ್ಲಿಯ ಕಡೆಯ ಒಂದು ಕಲ್ಯಾಣ ಮಂಟಪವನ್ನು ತೊಳೆದು, ತೊಟ್ಟಿಗೆ ನೀರು ತುಂಬಿಸಿ, ಅಡುಗೆಮನೆಯ ಬೀಗದಕೈಯನ್ನು ಮೇಜಿನ ಮೇಲಿಟ್ಟು ಕಾದು ಕುಳಿತರು. ಮರುದಿನದ ಮದುವೆಯವರು ಬರಲೇ ಇಲ್ಲ. ರಾತ್ರಿ ಒಂಬತ್ತಾದರೂ ಯಾರ ಸುಳಿವೂ ಇಲ್ಲದಿದ್ದಾಗ ಮಂಟಪದ ಮೇಲ್ವಿಚಾರಕರು ರಶೀದಿಯ ಪ್ರತಿಯನ್ನು ತೆಗೆದು ನೋಡಿದರು. ಅದರಲ್ಲಿ 6/5/25 ಎಂದು ಅಚ್ಚಾಗಿತ್ತು. ಫೋನಿನಲ್ಲಿ ವಿಚಾರಿಸಿದರೆ ಹೆಣ್ಣಿನ ತಂದೆ, "ನಮ್ಮದು ಜೂನ್ ಐದಲ್ವಾ ಸ್ವಾಮಿ, ಲಗ್ನಪತ್ರಿಕೆ ಹಂಚಿದ್ದೂ ಆಯ್ತು" ಎಂದರು. ಅಷ್ಟರಲ್ಲಿ, ಪುಸ್ತಕದಲ್ಲಿ ಖಾಲಿಯಾಗಿ ಕಂಡ ಜೂನ್ 5ನ್ನು ಇನ್ನೊಂದು ಮನೆಯವರಿಗೆ ಕೊಟ್ಟು ಮುಂಗಡವನ್ನೂ ಪಡೆದಾಗಿತ್ತು.

ಮುಂಗಡದ ಲೆಕ್ಕಕ್ಕೆಂದು ಆ ಮಂಟಪಕ್ಕೆ ಪುಟ್ಟದೊಂದು ತಂತ್ರಾಂಶವನ್ನು ಬರೆದುಕೊಟ್ಟವನು ಊರಿನವನೇ ಆದ ಒಬ್ಬ ಹುಡುಗ. ಮೇಲ್ವಿಚಾರಕರು ಅವನನ್ನು ಕರೆಸಿ ಕೇಳಿದ್ದು ಇಷ್ಟೇ: "ಏನಪ್ಪಾ, ಜೂನಲ್ಲಿ ಆಗೋ ಮದುವೆ ನಿನ್ನ ಮೆಷಿನ್ನಲ್ಲಿ ಮೇನಲ್ಲೇ ಆಗೋಯ್ತಾ?" ಹುಡುಗನ ಬಳಿ ಉತ್ತರವಿರಲಿಲ್ಲ. ಅವನು ಬರೆದ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಾನು ಬರೆಯದೆ, ಸಿದ್ಧವಸ್ತುವೆಂದು ತಂದು ಕೂಡಿಸಿದ್ದ ತಾರೀಖಿನ ಪೆಟ್ಟಿಗೆಯಲ್ಲಿ ತಪ್ಪು ಅಡಗಿತ್ತು.

ಗಣಕದ ತೆರೆಯ ಮೇಲೆ ಒಂದು ಖಾನೆಯನ್ನು ಒತ್ತಿದೊಡನೆ ತಿಂಗಳ ಹಾಳೆಯೊಂದು ಬಿಚ್ಚಿಕೊಂಡು, ಬೇಕಾದ ದಿನವನ್ನು ಆರಿಸಲು ಬಿಡುತ್ತದಲ್ಲ, ಅದನ್ನೇ ನಾನು ಪೆಟ್ಟಿಗೆ ಎನ್ನುತ್ತಿರುವುದು. ಗುಂಡಿ, ಖಾನೆ, ಪಟ್ಟಿ ಮುಂತಾದ ಬಿಡಿಭಾಗಗಳನ್ನು ಒದಗಿಸುವ ಟೂಲ್‌ಕಿಟ್‌ಗಳು ಹಲವು. ತಾರೀಖಿನ ಪೆಟ್ಟಿಗೆಯನ್ನು ಒಂದೊಂದು ಒಂದೊಂದು ರೀತಿಯಲ್ಲಿ ಕೊಡುತ್ತದೆ, ಕೆಲವು ಕೊಡುವುದೇ ಇಲ್ಲ. ಹುಡುಗ ಬಳಸಿದ್ದು ಪೈಥಾನ್ ಜೊತೆಯಲ್ಲೇ ಬರುವ ಟಿಕೆ. ಅದರಲ್ಲಿ ತಾರೀಖಿನ ಪೆಟ್ಟಿಗೆ ಇಲ್ಲದಿರುವುದರಿಂದ ಟಿಕೆಕ್ಯಾಲೆಂಡರ್ ಎಂಬ ಹೊರಗಿನ ಜೋಡಣೆಯನ್ನು ತಂದುಕೊಂಡಿದ್ದ. ಅದು ತಾರೀಖು ಬರೆಯುವ ಕ್ರಮವನ್ನು ಗಣಕದ ಭಾಷಾಸ್ಥಿತಿಯಿಂದ ಎತ್ತಿಕೊಳ್ಳುತ್ತದೆ. ಮಂಟಪದ ಗಣಕವು ಅಂಗಡಿಯಿಂದ ಬಂದಂತೆಯೇ ಅಮೆರಿಕದ ಇಂಗ್ಲಿಷಿನಲ್ಲಿತ್ತು. ಹೀಗಾಗಿ ಮೊದಲು ತಿಂಗಳು, ಆಮೇಲೆ ದಿನ, ಕೊನೆಗೆ ಎರಡೇ ಅಂಕೆಯ ವರ್ಷ. ಹಾಳೆಯಲ್ಲಿ ಜೂನ್ 5ನ್ನು ಸರಿಯಾಗಿಯೇ ಒತ್ತಿದರು, ರಶೀದಿಯೂ ತನ್ನ ರೀತಿಯಲ್ಲಿ ಸರಿಯಾಗಿಯೇ ಬಂತು. ಪುಸ್ತಕಕ್ಕೆ ಇಳಿಸುವವರು ಅದನ್ನು ನಮ್ಮ ರೂಢಿಯಂತೆ ಆರನೆಯ ತಾರೀಖು, ಐದನೆಯ ತಿಂಗಳು ಎಂದು ಓದಿಕೊಂಡರು. ದಿನ 13 ಅಥವಾ ಮೇಲಿದ್ದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಮಾತ್ರ ಈ ಮೋಸ ಮೈಮರೆಸುತ್ತದೆ.

ತಾರೀಖಿನ ಕ್ರಮವನ್ನು ನಾವೇ ನಿಗದಿಪಡಿಸಲು ಆ ಜೋಡಣೆಯಲ್ಲಿ ಅವಕಾಶವಿದೆ, ಒಂದೇ ಸಾಲಿನ ಕೆಲಸ. ಆದರೆ ನನ್ನ ಮಟ್ಟಿಗೆ ಅಷ್ಟು ಸಾಲದು. ರಶೀದಿಯ ಮೇಲೆ ವಾರದ ಹೆಸರು ಇದ್ದಿದ್ದರೆ ಈ ಪ್ರಸಂಗವೇ ಹುಟ್ಟುತ್ತಿರಲಿಲ್ಲ. 2025ರ ಮೇ 6 ಮಂಗಳವಾರ, ಜೂನ್ 5 ಗುರುವಾರ. ಮಂಗಳವಾರ ಮದುವೆ ಎಂದೊಡನೆ ನಮ್ಮ ಕಡೆಯ ಯಾವ ಮೇಲ್ವಿಚಾರಕರಾದರೂ ತಲೆಯೆತ್ತಿ ಇನ್ನೊಮ್ಮೆ ಕೇಳಿಯೇ ಕೇಳುತ್ತಾರೆ. ತಾರೀಖನ್ನು ಕಾಯುವ ಕಾವಲುಗಾರ ವಾರವೇ ಎಂಬುದು ಪಂಚಾಂಗ ನೋಡುವವರಿಗೆಲ್ಲ ತಿಳಿದ ಸಂಗತಿ.

ಆಮೇಲೆ ಹುಡುಗನೂ ನಾನೂ ಕೆಲವು ಭಾನುವಾರ ಕುಳಿತು ಬೇರೆ ಪೆಟ್ಟಿಗೆಗಳನ್ನು ಹೋಲಿಸಿದೆವು. ಅಂದಚೆಂದಕ್ಕೆ ನಾವು ತಲೆಕೆಡಿಸಿಕೊಳ್ಳಲಿಲ್ಲ. ಮಂಟಪಕ್ಕೆ ಬರುವವರು ಕನ್ನಡದವರು, ತೆಲುಗಿನವರು, ತಮಿಳರು. ಮೊದಲೆರಡು ಮನೆಗಳಲ್ಲಿ ಚಾಂದ್ರಮಾನ, ಮೂರನೆಯದರಲ್ಲಿ ಸೌರಮಾನ. ಹೋದ ವರ್ಷ ವಿಶ್ವಾವಸು ಸಂವತ್ಸರ ನಮಗೆ ಮಾರ್ಚ್ 30ಕ್ಕೆ ಹುಟ್ಟಿದರೆ ಅವರಿಗೆ ಏಪ್ರಿಲ್ 14ಕ್ಕೆ ಹುಟ್ಟಿತು. ಹೆಸರು ಒಂದೇ, ಹುಟ್ಟಿದ ದಿನ ಬೇರೆ. ನಮ್ಮ ಆಷಾಢ ಜೂನ್ 26ರಿಂದ ಜುಲೈ 24ರವರೆಗಿತ್ತು, ಅವರ ಆಡಿ ಜುಲೈ 17ರಿಂದ ಆಗಸ್ಟ್ 16ರವರೆಗೆ. ಹೆಣ್ಣು ಕನ್ನಡದ ಮನೆಯದು, ಗಂಡು ತಮಿಳು ಮನೆಯದು ಎಂದಾದರೆ ಸತತ 52 ದಿನ ಮದುವೆಯ ಮಾತಿಲ್ಲ. ಗಡಿನಾಡಿನಲ್ಲಿ ಅಂಥ ಸಂಬಂಧಗಳು ಅಪರೂಪವೇನಲ್ಲ. ಆದ್ದರಿಂದ ದಿನದ ಪ್ರತಿ ಚೌಕದಲ್ಲೂ ಇಂಗ್ಲಿಷ್ ತಾರೀಖಿನ ಕೆಳಗೆ ಎರಡು ಸಣ್ಣ ಸಾಲುಗಳನ್ನು, ಒಂದು ತಿಥಿಗೆ, ಇನ್ನೊಂದು ತಮಿಳು ತಿಂಗಳಿನ ದಿನಕ್ಕೆ, ಬರೆಯಲು ಆಗುತ್ತದೆಯೇ ಎಂಬುದೇ ನಮ್ಮ ಒರೆಗಲ್ಲಾಯಿತು.

ಟಿಕೆಕ್ಯಾಲೆಂಡರ್ ಇಲ್ಲಿ ಅರ್ಧ ದಾರಿ ಬರುತ್ತದೆ. ದಿನಕ್ಕೆ ಬಣ್ಣ ಹಚ್ಚಬಹುದು, ಟಿಪ್ಪಣಿಯನ್ನೂ ಸೇರಿಸಬಹುದು. ಆದರೆ ಆ ಟಿಪ್ಪಣಿ ಕಾಣಬೇಕಾದರೆ ಬಾಣದ ಗುರುತನ್ನು ಅದರ ಮೇಲೆ ತಂದು ನಿಲ್ಲಿಸಬೇಕು. ಎದುರಿಗೆ ಎರಡು ಮನೆಯ ಹಿರಿಯರು ಕುಳಿತಿರುವಾಗ ಮೂವತ್ತು ಚೌಕಗಳ ಮೇಲೂ ಬಾಣ ಆಡಿಸುವ ತಾಳ್ಮೆ ಯಾರಿಗಿದೆ? ಸಾಲದ್ದಕ್ಕೆ ನಾವು ಹೇಳದ ಹೊರತು ಅದರ ವಾರ ಸೋಮವಾರದಿಂದ ಆರಂಭ. ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರವನ್ನು ಎಡತುದಿಯಲ್ಲಿ ಕಂಡು ಪಳಗಿದ ಕಣ್ಣು ಒಂದು ಚೌಕ ಪಕ್ಕಕ್ಕೆ ಬೀಳುವುದು ಸುಲಭ.

ಜಿಟಿಕೆಯ ಮೂರನೆಯ ಆವೃತ್ತಿಯಲ್ಲಿ ಪ್ರತಿ ದಿನದ ಕೆಳಗೆ ವಿವರ ಬರೆಸುವ ಏರ್ಪಾಡು ಇದೆ, ನಮಗೆ ಬೇಕಾದದ್ದೂ ಅದೇ. ಆದರೆ ಅದು ಸದಾ ಬಿಚ್ಚಿಯೇ ಇರುವ ಹಾಳೆ. ಖಾನೆ ಒತ್ತಿದರೆ ಬಿಚ್ಚಿಕೊಳ್ಳುವ ಪೆಟ್ಟಿಗೆಯನ್ನು ನಾವೇ ಕಟ್ಟಿಕೊಳ್ಳಬೇಕು. ಜಾವಾಎಫ್‌ಎಕ್ಸ್‌ನ ಪೆಟ್ಟಿಗೆ ನಮ್ಮಿಬ್ಬರನ್ನೂ ಕೆಣಕಿತು. ಹಿಜರಿ ಪಂಚಾಂಗವನ್ನು ಆರಿಸಿದರೆ ಒಂದೇ ಚೌಕದಲ್ಲಿ ಎರಡು ತಾರೀಖುಗಳನ್ನು ಅದು ತಾನಾಗಿಯೇ ತೋರಿಸುತ್ತದೆ! 2014ರ ಜಾವಾ 8ರಿಂದಲೇ ಹಿಜರಿಯ ಜೊತೆಗೆ ಜಪಾನಿನ, ಥಾಯ್ ಬೌದ್ಧರ ಕಾಲಗಣನೆಗಳೂ ಅಲ್ಲಿವೆ. ನಮ್ಮದು ಯಾವುದೂ ಇಲ್ಲ. ಕ್ಯೂಟಿಯಲ್ಲಿಯೂ ಅದೇ ಕಥೆ. 5.14ರ ಆವೃತ್ತಿಯಿಂದ ಪಾರಸಿಗಳ ಜಲಾಲಿ, ಇಸ್ಲಾಮಿನ ನಾಗರಿಕ ಪಂಚಾಂಗ, ಹಳೆಯ ಜೂಲಿಯನ್ ಎಲ್ಲ ಬಂದವು.

ಭಾರತದ್ದು ಎಂಬುದು ಗಣಕಲೋಕದಲ್ಲಿ ಇಲ್ಲವೇ ಇಲ್ಲವೆಂದಲ್ಲ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಂದು, ಅಂದರೆ ಶಕ 1879ರ ಚೈತ್ರ 1ರಂದು, ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗವನ್ನು ಐಸಿಯು ಎಂಬ ತಂತ್ರಾಂಶ ಭಂಡಾರ ಬಲ್ಲದು. ಆದರೆ ಅದು ಸೌರಗಣನೆ. ಅದರ ಚೈತ್ರಕ್ಕೂ ನಮ್ಮ ಮನೆಯ ಯುಗಾದಿಗೂ ಹೆಸರಿನ ನಂಟಷ್ಟೇ. ಅದನ್ನು ನೋಡಿ ಉದ್ದನಪಲ್ಲಿಯಲ್ಲಿ ಯಾರೂ ಮುಹೂರ್ತ ಇಡುವುದಿಲ್ಲ.

ಕೊನೆಗೆ ನಾವು ಕ್ಯೂಟಿಯನ್ನೇ ಆರಿಸಿದೆವು. ಅದರಲ್ಲಿ ನಮ್ಮ ಪಂಚಾಂಗವಿದೆಯೆಂದಲ್ಲ. ಪ್ರತಿ ಚೌಕವನ್ನು ಚಿತ್ರಿಸುವ ಕೆಲಸವನ್ನು ಅದು ಬೇಕಾದವರ ಕೈಗೆ ಬಿಟ್ಟುಕೊಡುತ್ತದೆ, ಹಾಗೆ ಚಿತ್ರಿಸಿದ ಹಾಳೆಯನ್ನು ಬಿಚ್ಚಿಕೊಳ್ಳುವ ಪೆಟ್ಟಿಗೆಗೆ ಹಾಗೆಯೇ ಕೂಡಿಸಲು ಬಿಡುತ್ತದೆ. ಜಾವಾಎಫ್‌ಎಕ್ಸ್ ಕೂಡ ಚೌಕವನ್ನು ನಮ್ಮ ಕೈಗೆ ಕೊಡುತ್ತದೆ. ಹುಡುಗನಿಗೆ ಪೈಥಾನ್ ಬಿಟ್ಟು ಹೊಸದಾಗಿ ಜಾವಾ ಕಲಿಯುವ ಪುರುಸೊತ್ತಿರಲಿಲ್ಲ, ಅಷ್ಟೇ. ಕ್ಯೂಟಿಯ ಪೆಟ್ಟಿಗೆಗೂ ಒಂದು ಚೇಷ್ಟೆಯುಂಟು: ನಾವು ಬೇರೆ ಹೇಳದಿದ್ದರೆ 1752ರ ಸೆಪ್ಟೆಂಬರ್ 14ಕ್ಕಿಂತ ಹಿಂದಿನ ತಾರೀಖನ್ನು ಅದು ಒಪ್ಪುವುದಿಲ್ಲ. ಇಂಗ್ಲೆಂಡಿನವರು ಪಂಚಾಂಗ ಬದಲಿಸಿ, ಸೆಪ್ಟೆಂಬರ್ 2ರ ಮರುದಿನವನ್ನೇ 14 ಎಂದು ಕರೆದ ವರ್ಷ ಅದು. ಲಂಡನ್ನಿನ ಆ ನಿರ್ಣಯದ ತುಣುಕೊಂದು ನಮ್ಮ ಮಂಟಪದ ಗಣಕದಲ್ಲಿ ಇಂದಿಗೂ ಕುಳಿತಿದೆ.

ತಿಥಿಯನ್ನು ಗಣಕವೇ ಲೆಕ್ಕ ಹಾಕಲಿ ಎಂಬುದು ಹುಡುಗನ ಆಸೆ. ಮೇಲ್ವಿಚಾರಕರು ಒಪ್ಪಲಿಲ್ಲ. "ಐನೋರು ನೋಡೋದು ಅವರ ಪಂಚಾಂಗ, ನಿನ್ನ ಲೆಕ್ಕ ಅಲ್ಲ" ಎಂದರು. ಅವರ ಮಾತು ನನಗೂ ಸರಿಯೆನಿಸಿತು. ದೃಗ್ಗಣಿತದವರೂ ವಾಕ್ಯದವರೂ ಒಂದೇ ಅಮಾವಾಸ್ಯೆಗೆ ಬೇರೆ ಬೇರೆ ಗಳಿಗೆ ಹೇಳುವಾಗ ಮೂರನೆಯ ಗಳಿಗೆಯನ್ನು ಹುಟ್ಟಿಸಿ ಯಾರಿಗೆ ಲಾಭ? ಈಗ ಯುಗಾದಿಗೆ ಪಂಚಾಂಗ ಕೊಂಡೊಡನೆ ಅವರೇ ಕುಳಿತು ವರ್ಷದ ತಿಥಿಗಳನ್ನೆಲ್ಲ ದಿನಕ್ಕೊಂದು ಸಾಲಿನಂತೆ ತುಂಬಿಸುತ್ತಾರೆ.

ಕನ್ನಡದಲ್ಲಿ ವಾರಗಳನ್ನು ಬರೆಸುವಾಗ ಒಂದು ತೊಡಕು ಎದುರಾಯಿತು. ಜಾಗ ಸಾಲದೆಂದು ಹುಡುಗ ಪ್ರತಿ ಹೆಸರಿನ ಮೊದಲ ಅಕ್ಷರವನ್ನಷ್ಟೇ ಕತ್ತರಿಸಿದ. ಗಣಕಕ್ಕೆ 'ಶು' ಎಂಬುದು ಒಂದಕ್ಷರವಲ್ಲ, 'ಶ' ಮತ್ತು ಕೊಂಬು ಎಂಬ ಎರಡು ಸಂಕೇತ. ಕೊಂಬು ಕಳಚಿ ಬಿದ್ದು, ಶುಕ್ರವಾರವೂ 'ಶ', ಶನಿವಾರವೂ 'ಶ' ಆಯಿತು. ಮುಹೂರ್ತದ ಶುಕ್ರವಾರವನ್ನು ಶನಿವಾರದ ಜೊತೆ ಬೆರೆಸಿದ ಪೆಟ್ಟಿಗೆಯನ್ನು ಮಂಟಪದಲ್ಲಿ ಇಡುವುದು ಹೇಗೆ? ಈಗ ಭಾ, ಸೋ, ಮಂ, ಬು, ಗು, ಶು, ಶ ಎಂದು ಕೈಯಾರೆ ಬರೆದಿದ್ದಾನೆ.

ಜೂನ್ 5ರ ಮದುವೆಗಳ ಸಂಗತಿ ಹೇಳದಿದ್ದರೆ ಓದುಗರು ಒಪ್ಪರು. ಮೊದಲು ಮುಂಗಡ ಕೊಟ್ಟವರಿಗೇ ಮಂಟಪ ಉಳಿಯಿತು. ಎರಡನೆಯವರು ತಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ ಮದುವೆ ಮುಗಿಸಿದರು. ಮುಂಗಡದ ಜೊತೆಗೆ ಚಪ್ಪರದ ಖರ್ಚನ್ನೂ ಮಂಟಪದವರೇ ಕೊಟ್ಟರು. ಈ ವರ್ಷದ ರಶೀದಿಗಳ ಮೇಲೆ ತಿಂಗಳೂ ವಾರವೂ ಅಕ್ಷರದಲ್ಲೇ ಇವೆ. ಮೇ 17ರಿಂದ ಜೂನ್ 15ರವರೆಗಿನ ಅಧಿಕ ಜ್ಯೇಷ್ಠಕ್ಕೂ ಜುಲೈ 15ಕ್ಕೆ ಹಿಡಿಯುವ ಆಷಾಢಕ್ಕೂ ಹುಡುಗ ಒಂದೇ ಬೂದು ಬಣ್ಣ ಹಚ್ಚಿದ್ದ. ಎರಡನ್ನೂ ಬೇರೆ ಬೇರೆ ಮಾಡಿಕೊಡು, ಕೇಳುವವರಿಗೆ ಕಾರಣ ಹೇಳಬೇಕಾಗುತ್ತದೆ ಎಂದು ಮೇಲ್ವಿಚಾರಕರು ಕಳೆದ ವಾರವಷ್ಟೇ ಹೇಳಿ ಕಳಿಸಿದ್ದಾರೆ.